ಒಂದೂವರೆ ಕಿಲೋಮೀಟರಿನ ಹೆಮ್ಮೆ, ಎಂಬತ್ತು ಕಿಲೋಮೀಟರಿನ ದಾರಿ

2023ರ ಶ್ರಾವಣ. ಹಾನಗಲ್ಲ ತಾಲೂಕಿನ ನಮ್ಮೂರಿನಿಂದ ಸೋದರತ್ತೆಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಬಂದಿದ್ದೆ. ಅವಳು ವಿಜಯಪುರದಲ್ಲಿರುವ ಮಗಳ ಮನೆಗೆ ಹೋಗಬೇಕಿತ್ತು. ನಸುಕಿನ ಬಸ್ಸು ಹಿಡಿದು ಹೊರಟವರು ನಾವು. ಶಕ್ತಿ ಯೋಜನೆ ಶುರುವಾಗಿ ಎರಡು ತಿಂಗಳಾಗಿತ್ತು. ಅತ್ತೆಗೆ ಟಿಕೆಟ್ ದುಡ್ಡಿಲ್ಲ, ನನಗೆ ಇತ್ತು. ಅದನ್ನು ಅವಳು ದಾರಿಯುದ್ದಕ್ಕೂ ನೆನಪಿಸಿ ನಗುತ್ತಿದ್ದಳು. ನಿಲ್ದಾಣ ಮುಟ್ಟಿದಾಗ ಗಾಡಿಗೆ ಇನ್ನೂ ಎರಡು ತಾಸು ಇತ್ತು. 'ಬಾ ಅತ್ತಿ, ಜಗತ್ತಿನಾಗ ಎಲ್ಲಾಕ್ಕಿಂತ ಉದ್ದನ ಪ್ಲಾಟ್‌ಫಾರ್ಮ್ ತೋರಸ್ತೀನಿ' ಎಂದು ನಾನೇ ಕರೆದೆ. ಆ ಮಾತಿನಲ್ಲಿ ಹೆಮ್ಮೆ ಇತ್ತು, ಸುಳ್ಳು ಹೇಳುವುದಿಲ್ಲ.

ಸ್ವಲ್ಪ ದೂರ ನಡೆದೆವು. ಇನ್ನೂ ಸ್ವಲ್ಪ ದೂರ ನಡೆದೆವು. ಪ್ಲಾಟ್‌ಫಾರ್ಮ್ ಮುಗಿಯಲಿಲ್ಲ. ಅತ್ತೆ ಮೊಣಕಾಲು ಹಿಡಿದುಕೊಂಡು ನಿಂತಳು. ಮುಂದೆ ನೋಡಿದಳು, ಹಿಂದೆ ನೋಡಿದಳು. ಆಮೇಲೆ ಕೇಳಿದಳು:

'ಅಲ್ಲೋ ತಮ್ಮಾ, ಈ ಕಟ್ಟೀನ ಇನ್ನೊಂದೀಟು ಎಳದಿದ್ರ ನಮ್ಮ ಹಾನಗಲ್ಲಿಗೇ ಬಂದು ಮುಟ್ತಿತ್ತಲ್ಲೋ!'

ಪಕ್ಕದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದವರು ನಕ್ಕರು. ನಾನೂ ನಕ್ಕೆ. ಅವಳನ್ನು ಗಾಡಿ ಹತ್ತಿಸಿ, ಒಬ್ಬನೇ ಬಸ್ಸಿನಲ್ಲಿ ಊರಿಗೆ ಮರಳುವಾಗ, ಶಿಗ್ಗಾಂವಿ ದಾಟುವ ಹೊತ್ತಿಗೆ ನಗು ಹೋಗಿತ್ತು. ಅವಳು ಹೇಳಿದ್ದು ಚೇಷ್ಟೆಯ ಮಾತಾಗಿರಲಿಲ್ಲ. ಅದು ಒಂದು ಪ್ರಶ್ನೆ. ನನಗೆ ಗೊತ್ತಿರುವ ಮಟ್ಟಿಗೆ ನಮ್ಮ ಸೀಮೆಯ ಯಾವ ವೇದಿಕೆಯಲ್ಲೂ ಯಾರೂ ಅದನ್ನು ಇಷ್ಟು ನೆಟ್ಟಗೆ ಕೇಳಿಲ್ಲ.

ನಿಲ್ದಾಣದ ದೊಡ್ಡತನವನ್ನು ಯಾವುದರಿಂದ ಅಳೆಯಬೇಕು? ಈ ಬರಹ ಅಷ್ಟನ್ನೇ ಕೇಳುತ್ತದೆ.

ಅಂಕಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಆ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದೆ. ಖರ್ಚು ಸುಮಾರು 20 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು ಪ್ರಧಾನಿ ಅದನ್ನು ಲೋಕಾರ್ಪಣೆ ಮಾಡಿದರು. ಅದಕ್ಕೂ ಮೊದಲು ಉತ್ತರ ಪ್ರದೇಶದ ಗೋರಖಪುರದ 1366 ಮೀಟರಿನ ಪ್ಲಾಟ್‌ಫಾರ್ಮ್ ಮೊದಲ ಸ್ಥಾನದಲ್ಲಿತ್ತು. ಈಗ ಗಿನ್ನೆಸ್ ದಾಖಲೆ ಹುಬ್ಬಳ್ಳಿಯದು. ಇನ್ನು ನಮ್ಮ ಅಂಕಿಗಳು. ಹಾನಗಲ್ಲಿನಿಂದ ಈ ನಿಲ್ದಾಣಕ್ಕೆ ಸುಮಾರು 80 ಕಿಲೋಮೀಟರ್. ಶಿಗ್ಗಾಂವಿಯಿಂದ 50ರ ಮೇಲೆ. ಹಿರೇಕೆರೂರಿನಿಂದ 100 ದಾಟುತ್ತದೆ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಪಟ್ಟಣಗಳಲ್ಲಿ ಹಳಿಯೇ ಇಲ್ಲ. ಸವಣೂರು ತಾಲೂಕಿನ ಪೂರ್ವದ ಅಂಚನ್ನು ಹಳಿ ಸವರಿಕೊಂಡು ಹೋಗುತ್ತದೆ, ಯಲವಿಗಿಯಲ್ಲಿ ನಿಲ್ದಾಣವಿದೆ. ಸವಣೂರು ಪಟ್ಟಣದವರು ರೈಲು ಹತ್ತಬೇಕಾದರೆ ಮೊದಲು ಬಸ್ಸನ್ನೋ ಟಂಟಂ ಅನ್ನೋ ಹತ್ತಬೇಕು.

ಪ್ಲಾಟ್‌ಫಾರ್ಮ್ ಕಟ್ಟಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಷ್ಟು ಉದ್ದಕ್ಕೆ ಕೆಲಸದ ಕಾರಣವೂ ಇದೆ. ಒಂದೇ ಪ್ಲಾಟ್‌ಫಾರ್ಮಿನ ಎರಡು ತುದಿಗಳಿಂದ ಎರಡು ಗಾಡಿಗಳು ಎರಡು ದಿಕ್ಕಿಗೆ ಹೊರಡಬಹುದು. ಗದಗ, ಬೆಂಗಳೂರು, ಲೋಂಡಾ ಕಡೆಯ ಹಳಿಗಳು ಕೂಡುವ ಜಂಕ್ಷನ್ನಿನಲ್ಲಿ ಅದರಿಂದ ಉಪಯೋಗವಿದೆ. ರೈಲ್ವೆಯ ಬಜೆಟ್ಟಿನಲ್ಲಿ 20 ಕೋಟಿ ದೊಡ್ಡ ಮೊತ್ತವೂ ಅಲ್ಲ. ನನ್ನ ತಕರಾರು ಕಾಂಕ್ರೀಟಿನ ಮೇಲಲ್ಲ, ನಮ್ಮ ಹೆಮ್ಮೆಯ ಮೇಲೆ. ಒಂದು ಅಳತೆಪಟ್ಟಿ ತೋರಿಸಿ 'ನೀವು ಜಗತ್ತಿಗೇ ಮೊದಲಿಗರು' ಎಂದು ಯಾರೋ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು, ಸೆಲ್ಫಿ ತೆಗೆದುಕೊಂಡೆವು. ಆ ಗದ್ದಲದಲ್ಲಿ ಕೇಳಬೇಕಾದದ್ದನ್ನು ಕೇಳುವುದು ಮರೆತೆವು. ಮರೆತವರಲ್ಲಿ ನಾನೂ ಒಬ್ಬ.

ನಿಲ್ದಾಣದ ಪರಂಪರೆ ಎಂದರೆ ನಮಗೆ ಕಣ್ಣಿಗೆ ಬರುವುದು ಕಲ್ಲಿನ ಕಮಾನು, ಹಳೆಯ ಗಡಿಯಾರ, ಉಗಿಬಂಡಿಯ ಚಿತ್ರ. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆದಿದೆ. ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟ ಎರಡು ಹಳೆಯ ಮನೆಗಳಲ್ಲಿ ಹಳೆಯ ಸಾಮಾನುಗಳನ್ನು ಜೋಡಿಸಿ ಇಟ್ಟಿದ್ದಾರೆ. ಒಳ್ಳೆಯ ಕೆಲಸ, ವಿದ್ಯಾರ್ಥಿಗಳು ನೋಡಿಬರಬೇಕು. ಆದರೆ ಈ ನಿಲ್ದಾಣದ ನಿಜವಾದ ಪರಂಪರೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲು ಬರುವುದಿಲ್ಲ, ಏಕೆಂದರೆ ಅದು ಹಸಿವಿನಿಂದ ಹುಟ್ಟಿದ್ದು.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಬಡಿದ ಬರವನ್ನು ನಮ್ಮ ಹಿರಿಯರು ಧಾತು ಸಂವತ್ಸರದ ಬರ ಎಂದು ನೆನೆಯುತ್ತಿದ್ದರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ, ಮೈಸೂರು ಸಂಸ್ಥಾನದಲ್ಲಿ, ಮದರಾಸು ಪ್ರಾಂತದಲ್ಲಿ ಲಕ್ಷಾಂತರ ಜನ ಸತ್ತರು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಒಯ್ಯಲು ದಾರಿ ಇರಲಿಲ್ಲ. ಗಾಡಿ ಎಳೆಯುವ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಆ ಬರದ ಪಾಠವಾಗಿಯೇ ಬರಪೀಡಿತ ಸೀಮೆಗಳಿಗೆ ಹಳಿ ಹಾಕಬೇಕೆಂಬ ಮಾತು ಗಟ್ಟಿಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕ ಮುಗಿಯುವುದರೊಳಗೆ ಗದಗದ ಕಡೆಗೆ, ಲೋಂಡಾ ಮತ್ತು ಗೋವೆಯ ಕಡೆಗೆ, ಹಾವೇರಿ ಮತ್ತು ಹರಿಹರದ ಕಡೆಗೆ ಮೀಟರ್ ಗೇಜ್ ಹಳಿಗಳು ಚಾಚಿಕೊಂಡವು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ಎದ್ದಿತು. ಬ್ರಿಟಿಷ್ ಸರಕಾರಕ್ಕೆ ಕರುಣೆ ಒಂದೇ ಇತ್ತೆಂದು ನಾನು ನಂಬುವುದಿಲ್ಲ. ಧಾರವಾಡ ಸೀಮೆಯ ಹತ್ತಿಯ ಮೇಲೆ ಅವರ ಕಣ್ಣಿತ್ತು, ಅದನ್ನು ಬಂದರಿಗೆ ಮುಟ್ಟಿಸುವ ಲೆಕ್ಕವಿತ್ತು. ಆದರೂ ಹಳಿ ಹಾಕಲು ಕೊಟ್ಟ ಕಾರಣ ಒಂದೇ: ದೂರದವರನ್ನು ತಲುಪಬೇಕು.

ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ಎಂದರೆ ಅವರು ಬದುಕಿದ್ದಾಗಲೇ ಈ ಸೀಮೆಗೆ ರೈಲು ಬಂತು. ಅವರ ಶಿಶುನಾಳ ಇರುವುದು ಶಿಗ್ಗಾಂವಿ ತಾಲೂಕಿನಲ್ಲಿ. ಹಳಿ ಆ ಊರಿಗೆ ಬರಲಿಲ್ಲ. ಕನಕದಾಸರ ಬಾಡವೂ ಅದೇ ತಾಲೂಕು, ಅಲ್ಲಿಗೂ ಬರಲಿಲ್ಲ. ಕದಂಬರ ರಾಜಧಾನಿಯಾಗಿದ್ದ, ತಾರಕೇಶ್ವರನ ಗುಡಿಯ ಹಾನಗಲ್ಲಿಗೆ ಬರಲಿಲ್ಲ. ಸರ್ವಜ್ಞನ ಸೀಮೆ ಎನಿಸಿಕೊಂಡ ಹಿರೇಕೆರೂರಿಗೆ ಬರಲಿಲ್ಲ. ಕುಂದಗೋಳ, ಯಲವಿಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದು ಬಯಲಿನ ಗುಂಟ ಅದು ದಕ್ಷಿಣಕ್ಕೆ ಇಳಿದುಹೋಯಿತು. ಮಲೆನಾಡಿನ ಸೆರಗಿನಲ್ಲಿದ್ದ ನಾವು ಪಶ್ಚಿಮಕ್ಕೆ ಉಳಿದೆವು. ಆಗ ಉಳಿದವರು ಈಗಲೂ ಉಳಿದೇ ಇದ್ದೇವೆ.

ಹಾನಗಲ್ಲಿನ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದವರು ಗಂಗೂಬಾಯಿ ಹಾನಗಲ್ಲ. ಮನೆತನದ ಹೆಸರಿನಲ್ಲಿ ನಮ್ಮೂರು, ಬದುಕಿದ್ದು ಹುಬ್ಬಳ್ಳಿಯಲ್ಲಿ. ಅವರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಹೋಗುವ ಹೊತ್ತನ್ನೂ ಮರಳುವ ಹೊತ್ತನ್ನೂ ಗಾಡಿಯೇ ನಿಶ್ಚಯಿಸಬೇಕು. ಈ ಸಂಗತಿಯನ್ನು ನಾವು ಸಂಗೀತದ ಕಥೆಯಾಗಿ ಹೇಳುತ್ತೇವೆ, ಗುರುಭಕ್ತಿಯ ಕಥೆಯಾಗಿ ಹೇಳುತ್ತೇವೆ. ಅದು ರೈಲಿನ ಕಥೆಯೂ ಹೌದು. ದೊಡ್ಡ ಊರಿನ ನಿಲ್ದಾಣದಿಂದ ಸಣ್ಣ ಊರಿನ ನಿಲ್ದಾಣಕ್ಕೆ, ಒಬ್ಬ ಬಡ ಗಾಯಕಿ ಕೊಡಬಹುದಾದ ದರದಲ್ಲಿ, ನಂಬಬಹುದಾದ ಹೊತ್ತಿಗೆ ಒಂದು ಗಾಡಿ ಓಡುತ್ತಿತ್ತು. ಕಿರಾಣಾ ಘರಾಣೆಯ ಒಂದು ಮಹಾ ಕಂಠಕ್ಕೆ ಆ ಪ್ಯಾಸೆಂಜರ್ ಗಾಡಿಯ ಋಣವಿದೆ. ಹುಬ್ಬಳ್ಳಿ ನಿಲ್ದಾಣದ ಪರಂಪರೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಆ ಪರಂಪರೆಯನ್ನು ನಾವು ಹೇಗೆ ಕಾಪಾಡಿದ್ದೇವೆ? ಕೋವಿಡ್ ಬಂದಾಗ ದೇಶದಲ್ಲೆಲ್ಲ ಪ್ಯಾಸೆಂಜರ್ ಗಾಡಿಗಳು ನಿಂತವು. ಮರಳಿ ಓಡಿದಾಗ ಅವುಗಳ ಹೆಸರು ಬದಲಾಗಿತ್ತು: ಕೆಲವು 'ವಿಶೇಷ', ಕೆಲವು 'ಎಕ್ಸ್‌ಪ್ರೆಸ್'. ಡಬ್ಬಿ ಅದೇ, ಕಿಟಕಿ ಅದೇ. ಕನಿಷ್ಠ ದರ ಮಾತ್ರ 10 ರೂಪಾಯಿಯಿಂದ 30ಕ್ಕೆ ಏರಿತ್ತು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರುವರಿ ಕೊನೆಗೆ. ಎಂದರೆ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಲೋಕಾರ್ಪಣೆಯಾದ ದಿನ, ಯಲವಿಗಿಯಿಂದಲೋ ಕುಂದಗೋಳದಿಂದಲೋ ಕೂಲಿಗೆ ಬರುವವರು ಹಳೆಯದರ ಮೂರು ಪಟ್ಟು ಕನಿಷ್ಠ ದರದ ಕಾಲದಲ್ಲಿದ್ದರು. ಅವತ್ತಿನ ಭಾಷಣಗಳ ಸುದ್ದಿಯಲ್ಲಿ ಆ 20 ರೂಪಾಯಿಯ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ. ಅದೇ ವರ್ಷ ಜೂನ್ 27ಕ್ಕೆ ಧಾರವಾಡ–ಬೆಂಗಳೂರು ವಂದೇ ಭಾರತ್ ಹೊರಟಿತು. ಹುಬ್ಬಳ್ಳಿ ಬಿಟ್ಟರೆ ದಾವಣಗೆರೆ, ನಡುವಿನ ಹಾವೇರಿ ಜಿಲ್ಲೆಯಲ್ಲಿ ಆಗ ಒಂದೂ ನಿಲುಗಡೆ ಇರಲಿಲ್ಲ. ಆ ಗಾಡಿಯಲ್ಲಿ ಕಾಯ್ದಿರಿಸದ ಡಬ್ಬಿಯೂ ಇಲ್ಲ. ವೇಗ ಬೇಕು, ಬೇಡ ಎನ್ನಲು ನಾನ್ಯಾರು. ಆದರೆ ವೇಗವೆಲ್ಲ ನಮ್ಮ ಹೊಲದ ಬದುವಿನ ಮೇಲೆ ಹಾದುಹೋಗಿ, ದೂಳು ಮಾತ್ರ ನಮ್ಮ ಪಾಲಿಗೆ ಉಳಿದರೆ ಅದನ್ನು ಅಭಿವೃದ್ಧಿ ಎಂದು ಒಪ್ಪಿಕೊಳ್ಳುವುದು ಹೇಗೆ?

'ಹಾವೇರಿಯಲ್ಲಿ ನಿಲ್ದಾಣ ಇದೆಯಲ್ಲ, ಹಾನಗಲ್ಲಿನಿಂದ ಅದೇ ಹತ್ತಿರ' ಎಂದು ನೀವು ಹೇಳಬಹುದು. ಹೌದು, ಬೆಂಗಳೂರಿಗೆ ಹೋಗುವವರು ಅಲ್ಲೇ ಹತ್ತುತ್ತಾರೆ. ಆದರೆ ವಿಜಯಪುರ, ಸೊಲ್ಲಾಪುರ, ಬಳ್ಳಾರಿ, ಗೋವೆ ಎಂದರೆ ಹುಬ್ಬಳ್ಳಿಯೇ ಗತಿ. ದವಾಖಾನೆ ಎಂದರೂ ಹುಬ್ಬಳ್ಳಿ, ಧಾರವಾಡದ ವಿಶ್ವವಿದ್ಯಾಲಯ ಎಂದರೂ ಹುಬ್ಬಳ್ಳಿಯ ಮೇಲೆಯೇ ದಾರಿ. 1997ರಲ್ಲಿ ಹಾವೇರಿ ಜಿಲ್ಲೆ ಬೇರೆಯಾಗುವ ತನಕ ನಾವೆಲ್ಲ ಧಾರವಾಡ ಜಿಲ್ಲೆಯವರೇ. ಕಾಗದದ ಮೇಲೆ ಜಿಲ್ಲೆ ಬದಲಾಯಿತು, ಕಾಲಿನ ರೂಢಿ ಬದಲಾಗಲಿಲ್ಲ.

'ಈಗ ಬಸ್ಸೇ ಪುಕ್ಕಟೆ ಇರುವಾಗ ರೈಲು ಯಾಕೆ' ಎಂಬ ಮಾತನ್ನೂ ಕೇಳಿದ್ದೇನೆ. ನಮ್ಮ ಅತ್ತೆಯಂಥವರು ಮನೆಯ ಹೊಸ್ತಿಲು ದಾಟುವಂತೆ ಮಾಡಿದ್ದು ಆ ಪುಕ್ಕಟೆ ಬಸ್ಸು, ಅದಕ್ಕೆ ನನ್ನ ನಮಸ್ಕಾರ. ಆದರೆ ರಾಜ್ಯದ ಬಸ್ಸು ಅವಳನ್ನು ನಿಲ್ದಾಣದ ಬಾಗಿಲ ತನಕ ತಂದು ಬಿಡಬಹುದು. ಅಲ್ಲಿಂದ ಮುಂದೆ ವಿಜಯಪುರದ ತನಕ ಅವಳಿಗೆ ಕಾಯ್ದಿರಿಸದ ಡಬ್ಬಿಯಲ್ಲಿ ಕೂಡಲು ಜಾಗ ಬೇಕು. ಸವಣೂರಿನ ವೀಳ್ಯದೆಲೆ, ಹಾನಗಲ್ಲಿನ ಮಾವಿನಹಣ್ಣು ಎರಡು ದಿನ ತಡವಾದರೆ ಕಸ. ಅವಕ್ಕೆ ಯಾವ ಶಕ್ತಿ ಯೋಜನೆಯೂ ಇಲ್ಲ.

'ನಿಮ್ಮ ಕಡೆ ಗಟ್ಟಿ ರಾಜಕಾರಣಿ ಇಲ್ಲ, ಅದಕ್ಕೇ ಹಳಿ ಬರಲಿಲ್ಲ' ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಕಹಿ. ಪ್ಲಾಟ್‌ಫಾರ್ಮ್ ಲೋಕಾರ್ಪಣೆಯಾದಾಗ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಶಿಗ್ಗಾಂವಿಯ ಶಾಸಕರು. ಮುಖ್ಯಮಂತ್ರಿಯ ಸ್ವಂತ ಕ್ಷೇತ್ರದ ಕೇಂದ್ರಕ್ಕೇ ರೈಲಿಲ್ಲ. ತಪ್ಪು ಅವರೊಬ್ಬರದು ಎನ್ನುವುದಿಲ್ಲ. ಅವರಿಗೆ ಮೊದಲು ಇದ್ದವರೂ, ಆಮೇಲೆ ಬಂದವರೂ, ಎಲ್ಲ ಪಕ್ಷದವರೂ ಇದರಲ್ಲಿ ಪಾಲುದಾರರು. ಗಟ್ಟಿ ರಾಜಕಾರಣಿ ಇದ್ದರೆ ಸಾಲದು, ಕೇಳುವ ಜನ ಬೇಕು. ನಾವು ಕೇಳಿದ್ದು ಸಮುದಾಯ ಭವನ, ದೇವಸ್ಥಾನಕ್ಕೆ ಅನುದಾನ, ಸರ್ಕಲ್ಲಿಗೆ ಪುತ್ಥಳಿ. ಕೇಳಿದ್ದು ಸಿಕ್ಕಿದೆ.

ಹುಬ್ಬಳ್ಳಿಯವರು ಕೇಳಿದ್ದರು. ನೈಋತ್ಯ ರೈಲ್ವೆ ವಲಯದ ಕೇಂದ್ರ ಕಚೇರಿ ಮೊದಲು ಬೆಂಗಳೂರಿನ ಪಾಲಾಗಿತ್ತು. ಉತ್ತರ ಕರ್ನಾಟಕದ ಜನ ಅದನ್ನು ಒಪ್ಪದೆ ಬೀದಿಗಿಳಿದ ಮೇಲೆ ಅದು ಹುಬ್ಬಳ್ಳಿಗೆ ಬಂತು, 2003ರ ಏಪ್ರಿಲ್ 1ರಿಂದ ಕೆಲಸ ಶುರು ಮಾಡಿತು. 'ಎಲ್ಲವನ್ನೂ ರಾಜಧಾನಿಯಲ್ಲೇ ಗುಡ್ಡೆ ಹಾಕಬೇಡಿ, ದೂರದವರಿಗೂ ಪಾಲು ಕೊಡಿ' ಎಂಬುದು ಅಂದಿನ ವಾದ. ಸರಿಯಾದ ವಾದ. ಅದೇ ವಾದವನ್ನು ಇಂದು ಹಾನಗಲ್ಲಿನವರು ಹುಬ್ಬಳ್ಳಿಗೆ ಹೇಳಿದರೆ ತಪ್ಪೇನು? ಬೆಂಗಳೂರಿನ ಎದುರು ಹುಬ್ಬಳ್ಳಿ ಹಿಂದುಳಿದ ಊರು, ನಮ್ಮ ಎದುರು ಅದೇ ರಾಜಧಾನಿ.

ಹಾಗಾದರೆ ಏನು ಆಗಬೇಕು? ಬೈದು ಎದ್ದುಹೋಗುವುದು ಸುಲಭ. ಆದ್ದರಿಂದ ನಾಲ್ಕು ಮಾತು.

ಮೊದಲನೆಯದಕ್ಕೆ ಹೆಚ್ಚು ದುಡ್ಡು ಬೇಡ. ನೈಋತ್ಯ ರೈಲ್ವೆಯ ರೈಲ್ ಸೌಧ ಇರುವುದು ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಅದೇ ಊರಿನ ಗೋಕುಲ ರಸ್ತೆಯಲ್ಲಿ. ಎರಡೂ ಕಚೇರಿಗಳವರು ಒಂದು ಮಧ್ಯಾಹ್ನ ಕೂತು, ಒಂದು ಚಹಾ ಕುಡಿದು, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಬಸ್ಸುಗಳ ಹೊತ್ತನ್ನೂ ಹುಬ್ಬಳ್ಳಿ, ಯಲವಿಗಿ, ಹಾವೇರಿ, ರಾಣೆಬೆನ್ನೂರಿನ ಗಾಡಿಗಳ ಹೊತ್ತನ್ನೂ ಒಂದಕ್ಕೊಂದು ಹೊಂದಿಸಬಹುದು. ರೈಲಿನ ಹೊತ್ತು ತೋರಿಸುವ ಹಲಗೆಯ ಪಕ್ಕದಲ್ಲೇ ಬಸ್ಸಿನ ಹೊತ್ತು ತೋರಿಸುವ ಹಲಗೆಯನ್ನೂ ತೂಗುಹಾಕಬಹುದು. ರಾತ್ರಿ ಗಾಡಿಯಿಂದ ಇಳಿದವರಿಗೆ ಬೆಳಗಿನ ತನಕ ಕಾಯಬೇಕೋ ಬೇಡವೋ ಎಂಬುದಾದರೂ ತಿಳಿಯುತ್ತದೆ.

ಎರಡನೆಯದು ಯಲವಿಗಿ. ಸವಣೂರಿಗೂ ಶಿಗ್ಗಾಂವಿಯ ಅರ್ಧ ತಾಲೂಕಿಗೂ ಅದೇ ಹತ್ತಿರದ ಬಾಗಿಲು. ಹುಬ್ಬಳ್ಳಿಯಿಂದ ಚಿಕ್ಕಜಾಜೂರಿನ ಕಡೆಗೆ ಹಳಿ ಜೋಡಿಯಾಗಿದೆ, ವಿದ್ಯುತ್ ತಂತಿಯೂ ಬಂದಿದೆ. ಎದುರಿನ ಗಾಡಿಗೆ ದಾರಿ ಬಿಡಲು ಗಂಟೆಗಟ್ಟಲೆ ನಿಲ್ಲಬೇಕಾದ ಕಾಲ ಹೋಯಿತು. ಉಳಿದ ಆ ಹೊತ್ತನ್ನು ದೂರದ ಗಾಡಿಗಳ ವೇಗಕ್ಕೇ ಪೂರ್ತಿ ಕೊಡಬೇಡಿ. ಬೆಳಗ್ಗೆ ಎರಡು, ಸಂಜೆ ಎರಡು, ಹುಬ್ಬಳ್ಳಿಗೂ ಹರಿಹರಕ್ಕೂ ನಡುವೆ ಎಲ್ಲ ಕಡೆ ನಿಲ್ಲುವ ಗಾಡಿ ಓಡಿಸಿ. ಕಾಲೇಜಿನ ಹುಡುಗಿಯರು, ಸಂತೆಗೆ ಹೋಗುವವರು, ಗೌಂಡಿಗಳು ಅದನ್ನು ತುಂಬಿಸುತ್ತಾರೆ.

ಮೂರನೆಯದು ಹೊಸ ಹಳಿ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗಕ್ಕೆ ಮಂಜೂರಾತಿ ಇದೆ. ಹಿರೇಕೆರೂರಿನವರು ಅದರ ದಾರಿ ಕಾಯುತ್ತಿದ್ದಾರೆ. ಗದಗದಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ಹಳಿ ಎಂಬ ಮಾತು, ತಾಳಗುಪ್ಪದಿಂದ ಶಿರಸಿಯ ಮೇಲೆ ಹುಬ್ಬಳ್ಳಿಗೆ ಎಂಬ ಸಮೀಕ್ಷೆ, ಇವೆಲ್ಲ ಹಳೆಯವು. ಚುನಾವಣೆ ಬಂದಾಗ ಸಮೀಕ್ಷೆ ಏಳುತ್ತದೆ, ಮುಗಿದಾಗ ಮಲಗುತ್ತದೆ. ಆಗುತ್ತದೆ ಎಂದಾದರೆ ವರ್ಷ ಹೇಳಿ, ಆಗುವುದಿಲ್ಲ ಎಂದಾದರೆ ಹಾಗೆಂದು ಬರೆದುಕೊಡಿ. ಇಲ್ಲ ಎಂಬ ಉತ್ತರವನ್ನು ತಾಳಿಕೊಳ್ಳುವಷ್ಟು ನಾವು ಗಟ್ಟಿ ಇದ್ದೇವೆ. ತಾಳಿಕೊಳ್ಳಲು ಆಗದ್ದು 'ಪರಿಶೀಲನೆಯಲ್ಲಿದೆ' ಎಂಬ ಉತ್ತರ.

ನಾಲ್ಕನೆಯದು ವಸ್ತುಸಂಗ್ರಹಾಲಯದ ಮಾತು. ಅಲ್ಲಿ ಜನರ ನೆನಪಿಗೂ ಒಂದು ಕೋಣೆ ಬೇಕು. ಬೇಸಗೆಯಲ್ಲಿ ಕಾದ ಹಳಿಯ ಮೇಲೆ ನಡೆದ ಗ್ಯಾಂಗ್‌ಮನ್ನರು, ಕೆಂಪಂಗಿಯ ಹಮಾಲರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮೀಟರ್ ಗೇಜ್ ಗಾಡಿಯಲ್ಲಿ ಬೆಣ್ಣೆ ಮಾರಲು ಬಂದ ಮುದುಕಿಯರು, ಇವರ ಮಾತನ್ನು ಈಗಲೇ ದಾಖಲಿಸದಿದ್ದರೆ ಇನ್ನು ಹತ್ತು ವರ್ಷಕ್ಕೆ ಸಿಗುವುದಿಲ್ಲ. ಇದನ್ನು ರೈಲ್ವೆಯೇ ಮಾಡಲಿ ಎಂದು ಕೂರಬೇಕಿಲ್ಲ. ಧಾರವಾಡದಲ್ಲಿ ಇತಿಹಾಸ ಓದುವ, ಜಾನಪದ ಓದುವ ಹುಡುಗರೇ, ನಿಮ್ಮ ಕಿಸೆಯಲ್ಲಿರುವ ಮೊಬೈಲು ಸಾಕು. ಠೇಸನ್, ಕೈಮರ, ಡಬ್ಬಿ, ಗಾಡಿ ಎಂಬ ಶಬ್ದಗಳನ್ನು ನಮ್ಮ ಜನ ಹೇಗೆ ಮನೆಯ ಮಾತು ಮಾಡಿಕೊಂಡರು ಎಂಬುದನ್ನೇ ಕೂಡಿಸಿದರೂ ಒಂದು ಪುಸ್ತಕವಾದೀತು.

ಮುಂಬಯಿಯಲ್ಲಿ ನಮ್ಮ ಹಳಿಗಳ ದಶಕದಲ್ಲೇ ಎದ್ದು ನಿಂತ ವಿಕ್ಟೋರಿಯಾ ಟರ್ಮಿನಸ್, ಇಂದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಪ್ರವಾಸಿಗರು ಅದರ ಗೋಪುರದ ಚಿತ್ರ ತೆಗೆಯುತ್ತಾರೆ. ಆದರೆ ಆ ಕಟ್ಟಡವನ್ನು ಜೀವಂತ ಇಟ್ಟಿರುವುದು ಗೋಪುರವಲ್ಲ, ದೂರದ ಉಪನಗರಗಳಿಂದ ದಿನವೂ ಜನರನ್ನು ತಂದು ಸುರಿಯುವ ಲೋಕಲ್ ಗಾಡಿಗಳು. ಲೋಕಲ್ ನಿಂತರೆ ಅದು ಬರೀ ಕಲ್ಲು.

ಹುಬ್ಬಳ್ಳಿಯ ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರಿಟ್ಟಿದ್ದೇವೆ. ಅವರ ಮಠಕ್ಕೆ ಶಿವರಾತ್ರಿಯ ಜಾತ್ರೆಗೆ ನಮ್ಮ ಕಡೆಯ ಹಳ್ಳಿಗಳಿಂದಲೂ ಜನ ಹೋಗುತ್ತಾರೆ. ಎಲ್ಲಿಂದ ಬಂದೆ, ಯಾವ ಜಾತಿ ಎಂದು ಕೇಳದೆ ಊಟಕ್ಕೆ ಕೂರಿಸುವ ಮಠ ಅದು. ಆ ಹೆಸರು ಹೊತ್ತ ನಿಲ್ದಾಣವನ್ನು ಗಿನ್ನೆಸ್ ಪುಸ್ತಕದಿಂದ ಅಳೆಯುವುದು ನನಗೆ ಯಾಕೋ ಸಣ್ಣತನವಾಗಿ ಕಾಣುತ್ತದೆ. ನಾಳೆ ಬೇರೆ ಯಾವುದೋ ಊರು 1600 ಮೀಟರ್ ಕಟ್ಟಿದರೆ ಆ ಹೆಮ್ಮೆ ಮುಗಿಯಿತು. ಹಿರೇಕೆರೂರಿನ ಒಬ್ಬ ಹುಡುಗಿ ಬೆಳಗ್ಗೆ ಮನೆಯಲ್ಲಿ ರೊಟ್ಟಿ ತಿಂದು ಹೊರಟು, ಹುಬ್ಬಳ್ಳಿಯಲ್ಲಿ ಪರೀಕ್ಷೆ ಬರೆದು, ಸಂಜೆ ಕತ್ತಲಾಗುವುದರೊಳಗೆ ಯಾರ ಹಂಗೂ ಇಲ್ಲದೆ ಮನೆ ಸೇರಿದರೆ, ಆ ಹೆಮ್ಮೆಯನ್ನು ಯಾವ ಊರೂ ಕಸಿದುಕೊಳ್ಳಲಾರದು.

ಅತ್ತೆ ವಿಜಯಪುರದಿಂದ ಮರಳಿ ಬಂದು ಬಹಳ ದಿನವಾಯಿತು. ಮೊಣಕಾಲು ಈಗ ಇನ್ನಷ್ಟು ಹೈರಾಣು. ನಾನು ಫೋನ್ ಮಾಡಿದಾಗಲೆಲ್ಲ ಮಳೆ, ಬೆಳೆ, ದನ ಕೇಳಿದ ಮೇಲೆ ಕೊನೆಗೊಂದು ಪ್ರಶ್ನೆ ಇದ್ದೇ ಇರುತ್ತದೆ:

'ನಿನ್ನ ಕಟ್ಟಿ ಎಲ್ಲೀತನ ಬಂತೋ ತಮ್ಮಾ?'

'ಇನ್ನೂ ಅಲ್ಲೇ ಐತಿ ಅತ್ತಿ' ಎನ್ನುತ್ತೇನೆ.